ಬಸವನಹುಳುವಿನ ಅಳತೆಗೋಲು

ಭೂಮಿ ಸೋಸಿ ಕೊಟ್ಟ ನೀರಿಗಿಂತ ನಿರ್ಮಲವಾದ ನೀರು ಬೇರೆಯಿಲ್ಲವೆಂಬ ನಂಬಿಕೆ ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಹೊಳೆಯ ನೀರು ಮಳೆಗಾಲದಲ್ಲಿ ಕದಡೀತು, ಕೆರೆಯ ನೀರು ಬೇಸಗೆಯಲ್ಲಿ ನಾತ ಹಿಡಿದೀತು. ಆದರೆ ಸೇದುವ ಬಾವಿಯ ತಳದಲ್ಲಿ ಕಲ್ಲಿನ ಸಂದಿಯಿಂದ ಜಿನುಗುವ ಒರತೆಯಾಗಲಿ, ಬೆಟ್ಟದ ಬುಡದಲ್ಲಿ ತಾನಾಗಿ ಉಕ್ಕುವ ಚಿಲುಮೆಯಾಗಲಿ, ಮಣ್ಣು ಮರಳು ಬಂಡೆಗಳನ್ನು ಹಾದು ಬಂದ ಕಾರಣದಿಂದಲೇ ಪರಿಶುದ್ಧವೆಂದು ನಾವು ಭಾವಿಸಿದ್ದೇವೆ. ಆ ಭಾವನೆಯ ಬಲದಿಂದಲೇ ಎಷ್ಟೋ ಒರತೆಗಳು ತೀರ್ಥಗಳೆನಿಸಿವೆ. ನಂಬಿಕೆ ಪೂರ್ತಿಯಾಗಿ ಸುಳ್ಳೂ ಅಲ್ಲ. ಕೆಸರನ್ನೂ ರೋಗಾಣುಗಳಲ್ಲಿ ಬಹುಪಾಲನ್ನೂ ಮಣ್ಣು ತಡೆಹಿಡಿಯುವುದುಂಟು. ಆದರೆ ಬಣ್ಣವಿಲ್ಲದ, ವಾಸನೆಯಿಲ್ಲದ, ನಾಲಗೆಯ ರುಚಿಗೂ ಸಿಕ್ಕದ ಒಂದು ಲವಣಾಂಶವು ಆ ಸೋಸುವಿಕೆಗೆ ಒಳಪಡದೆ, ಮಳೆಯ ನೀರಿನೊಡನೆ ಕರಗಿ ಕೆಳಗಿಳಿದು, ವರ್ಷಗಟ್ಟಲೆ ನೆಲದೊಳಗೆ ಸಂಚರಿಸಿ, ಎಲ್ಲಿ ಅಂತರ್ಜಲವು ಮತ್ತೆ ಬೆಳಕನ್ನು ಕಾಣುವುದೋ ಅಲ್ಲಿ, ಒರತೆಯ ಬಾಯಲ್ಲಿ, ಹೊಳೆಯ ಪಾತ್ರದಲ್ಲಿ, ಕೆರೆಯ ಅಂಗಳದಲ್ಲಿ, ತನ್ನ ಪ್ರಭಾವವನ್ನು ತೋರುತ್ತದೆ. ಅದರ ಹೆಸರು ನೈಟ್ರೇಟ್. ಅದು ಸಸ್ಯಗಳ ಆಹಾರ. ಅದರಿಂದ ಜಲಾಶಯಗಳಿಗೆ ಒದಗುವ ಕೇಡೆಲ್ಲವೂ ಅದು ಆಹಾರವಾಗಿರುವುದರಿಂದಲೇ ಒದಗತಕ್ಕದ್ದು.

ಈ ವಿದ್ಯಮಾನವನ್ನು ಇತರ ಗೊಂದಲಗಳಿಂದ ಆದಷ್ಟು ಬಿಡಿಸಿ ನೋಡಬಯಸುವವರು ಅಮೆರಿಕದ ಫ್ಲಾರಿಡಾ ಸಂಸ್ಥಾನದತ್ತ ದೃಷ್ಟಿ ಹಾಯಿಸಬೇಕು. ಆ ಪರ್ಯಾಯದ್ವೀಪದ ತಳಹದಿ ಸುಣ್ಣಕಲ್ಲಿನದು. ಮಳೆನೀರಿನ ಮಂದವಾದ ಆಮ್ಲಕ್ಕೂ ಸುಣ್ಣಕಲ್ಲು ಕರಗುವುದರಿಂದ, ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಅದರೊಳಗಿನ ಬಿರುಕುಗಳು ಕೊಳವೆಗಳಾಗಿ, ಕೊಳವೆಗಳು ಗುಹೆಗಳಾಗಿ, ನೆಲದಡಿಯಲ್ಲಿ ಮತ್ತೊಂದು ನದೀಜಾಲವೇ ರೂಪುಗೊಂಡಿದೆ. ಆ ಜಾಲದ ನೀರು ಸಾವಿರಕ್ಕೂ ಹೆಚ್ಚು ಎಡೆಗಳಲ್ಲಿ ಚಿಲುಮೆಯಾಗಿ ಮೇಲಕ್ಕುಕ್ಕುತ್ತದೆ. ಅವುಗಳಲ್ಲಿ ಅತಿ ಪ್ರಸಿದ್ಧವಾದುದು ಒಕಾಲಾ ಪಟ್ಟಣದ ಸಮೀಪದ ಸಿಲ್ವರ್ ಸ್ಪ್ರಿಂಗ್ಸ್. ಅದು ತನ್ನ ಉಚ್ಛ್ರಾಯ ಕಾಲದಲ್ಲಿ ದಿನವೊಂದಕ್ಕೆ ಹೊರಸೂಸುತ್ತಿದ್ದ ನೀರು ಸುಮಾರು 200 ಕೋಟಿ ಲೀಟರ್. ಕಾವೇರಿ ಕುಡಿಯುವ ನೀರಿನ ಐದನೆಯ ಹಂತದ ಯೋಜನೆ ಮುಗಿಯುವುದಕ್ಕೆ ಮುನ್ನ ಇಡೀ ಬೆಂಗಳೂರು ನಗರಕ್ಕೆ ಆ ನದಿಯಿಂದ ಬರುತ್ತಿದ್ದುದು ದಿನಕ್ಕೆ 145 ಕೋಟಿ ಲೀಟರ್ ಎಂಬುದನ್ನು ನೆನೆದರೆ ಆ ಚಿಲುಮೆಯ ಗಾತ್ರ ಮನಸ್ಸಿಗೆ ಬಂದೀತು. ಚಳಿಗಾಲವಿರಲಿ ಬೇಸಗೆಯಿರಲಿ, ನೀರಿನ ಉಷ್ಣತೆ 22-23 ಡಿಗ್ರಿಯನ್ನು ಬಿಟ್ಟು ಕದಲುವುದಿಲ್ಲ. ತಳ ಎಷ್ಟೇ ಆಳವಾಗಿದ್ದರೂ ಕೈಗೆಟುಕುವಂತೆ ಕಾಣುವಷ್ಟು ತಿಳಿಯಾದ ಆ ನೀರನ್ನು ನೋಡಲೆಂದೇ 1870ರ ದಶಕದಿಂದ ಅಲ್ಲಿ ಗಾಜಿನ ತಳದ ದೋಣಿಗಳು ನಡೆಯುತ್ತ ಬಂದಿವೆ. ಹಿಂದಿನ ತಲೆಮಾರಿನವರು ಟೆಂಟ್ ಸಿನಿಮಾಗಳಲ್ಲಿ ಬೆರಗಾಗಿ ನೋಡಿದ ಟಾರ್ಜಾನ್ ಚಿತ್ರಗಳ ನೀರೊಳಗಿನ ಸಾಹಸಗಳಲ್ಲಿ ಕೆಲವು ಫ್ಲಾರಿಡಾದ ಈ ಬಗೆಯ ಚಿಲುಮೆಗಳಲ್ಲಿಯೇ ಚಿತ್ರಿತವಾದವು.

ಸಿಲ್ವರ್ ಸ್ಪ್ರಿಂಗ್ಸ್‌ಗೆ ಸಿನಿಮಾದ ಕೀರ್ತಿಗಿಂತ ದೊಡ್ಡದಾದ ಮತ್ತೊಂದು ಕೀರ್ತಿಯೂ ಉಂಟು. 1950ರ ದಶಕದಲ್ಲಿ ಹೋವರ್ಡ್ ಓಡಂ ಎಂಬ ವಿಜ್ಞಾನಿ, ಉಷ್ಣತೆಯೂ ಹರಿವೂ ನೀರಿನ ರಾಸಾಯನಿಕ ಗುಣವೂ ಬದಲಾಗದೆ ನಿಂತ ಇಂಥ ತಾಣವು ನಿಸರ್ಗವೇ ಸಿದ್ಧಪಡಿಸಿಕೊಟ್ಟ ಪ್ರಯೋಗಶಾಲೆಯೆಂದು ಮನಗಂಡು, ಅಲ್ಲಿನ ಜೀವರಾಶಿಯಲ್ಲಿ ಸೂರ್ಯನ ಶಕ್ತಿ ಯಾವ ದಾರಿಯಲ್ಲಿ ಎಷ್ಟೆಷ್ಟು ಹರಿಯುತ್ತದೆಂಬುದನ್ನು ಅಳೆದು 1957ರಲ್ಲಿ ಪ್ರಕಟಿಸಿದನು. ವರ್ಷವೊಂದರಲ್ಲಿ ಪ್ರತಿ ಚದರ ಮೀಟರಿಗೆ ಸಸ್ಯಗಳು ಕಟ್ಟಿದ ಶಕ್ತಿ 20,810 ಕಿಲೊಕ್ಯಾಲರಿ. ಸಸ್ಯಾಹಾರಿಗಳ ಪಾಲಿಗೆ ಬಂದುದು 3,368. ಅವುಗಳನ್ನು ತಿನ್ನುವ ಮಾಂಸಾಹಾರಿಗಳಿಗೆ 383. ಮಾಂಸಾಹಾರಿಗಳನ್ನೇ ತಿನ್ನುವ ಮೇಲ್ದರ್ಜೆಯವಕ್ಕೆ ಕೇವಲ 21. ನಮ್ಮ ಕಾಲೇಜುಗಳಲ್ಲಿ ಜೀವಶಾಸ್ತ್ರ ಓದಿದವರು ಶಕ್ತಿಯ ಗೋಪುರವೆಂದು ಕಲಿತ ಚಿತ್ರದ ಮೂಲ ಇದೇ ಚಿಲುಮೆಯೆಂಬುದು ಬಹುಮಂದಿಗೆ ತಿಳಿದಿರಲಾರದು. ಹೋವರ್ಡನ ಅಣ್ಣ ಯೂಜೀನ್ ಓಡಂ ಬರೆದ ಪಠ್ಯಪುಸ್ತಕ ಮಾತ್ರ ಎರಡು ಮೂರು ತಲೆಮಾರಿನ ಭಾರತೀಯ ವಿದ್ಯಾರ್ಥಿಗಳ ಕೈಯಲ್ಲಿ ಸವೆದಿದೆ.

ಆ ಗೋಪುರದ ಬುಡದಲ್ಲಿದ್ದುದು ಪಟ್ಟಿಯಂತೆ ಉದ್ದನಾದ ಹಸುರೆಲೆಗಳ, ನೀರಿನೊಳಗೇ ಬೆಳೆದು ಹರಿವಿಗೆ ಓಲಾಡುವ ಜಲಸಸ್ಯ. ಅದರ ಎಲೆಯೊಂದನ್ನು ಕಿತ್ತು ಬೆರಳಿನಿಂದ ಸವರಿದರೆ ಜಿಗುಟಾದ ತೆಳು ಲೇಪವೊಂದು ಕೈಗೆ ಹತ್ತುತ್ತದೆ. ಅದು ಸೂಕ್ಷ್ಮವಾದ ಪಾಚಿ. ಚಿಲುಮೆಯ ಒಟ್ಟು ಉತ್ಪತ್ತಿಯಲ್ಲಿ ಈ ಲೇಪದ ಪಾಲು ಸಣ್ಣದಲ್ಲವೆಂಬುದನ್ನು ಓಡಂ ತೋರಿಸಿದನು. ಬಸವನಹುಳುಗಳು ಎಲೆಯುದ್ದಕ್ಕೂ ತೆವಳುತ್ತ ಈ ಪಾಚಿಯನ್ನೇ ಮೇಯುತ್ತವೆ. ಮೇಯುವ ವೇಗವೂ ಪಾಚಿ ಬೆಳೆಯುವ ವೇಗವೂ ಸರಿದೂಗಿದಷ್ಟು ಕಾಲ ಎಲೆಗೆ ಬೆಳಕು ಸಿಗುತ್ತದೆ, ಬಸವನಹುಳುವಿಗೆ ಮೇವು ಸಿಗುತ್ತದೆ, ಮೀನಿಗೆ ಬಸವನಹುಳು ಸಿಗುತ್ತದೆ. ಈ ಸಮತೋಲಕ್ಕೆ ಕಾವಲಾಗಿದ್ದುದು ನೀರಿನ ಬಡತನ. ಸಹಜ ಸ್ಥಿತಿಯಲ್ಲಿ ಫ್ಲಾರಿಡಾದ ಚಿಲುಮೆಗಳ ಲೀಟರ್ ನೀರಿನಲ್ಲಿ ನೈಟ್ರೇಟ್ ರೂಪದ ಸಾರಜನಕ 0.05 ಮಿಲಿಗ್ರಾಮಿನಷ್ಟೂ ಇರುತ್ತಿರಲಿಲ್ಲ. ಸಿಲ್ವರ್ ಸ್ಪ್ರಿಂಗ್ಸ್‌ನಲ್ಲಿ ಇಂದು ಅದು ಒಂದು ಮಿಲಿಗ್ರಾಮನ್ನು ದಾಟಿದೆ, ಎಂದರೆ ಇಪ್ಪತ್ತು ಪಟ್ಟಿಗೂ ಮಿಗಿಲಾಗಿದೆ.

ವಿಪರ್ಯಾಸವೆಂದರೆ ನೀರು ಈಗಲೂ ತಿಳಿಯಾಗಿಯೇ ಇದೆ. ಕದಡಿದ ನೀರನ್ನು ಕಂಡೊಡನೆ ಕೆಟ್ಟಿತೆಂದು ಹೇಳಬಲ್ಲ ನಮ್ಮ ಕಣ್ಣು ಇಲ್ಲಿ ಸೋಲುತ್ತದೆ. ಆದರೆ ದೋಣಿಯ ಗಾಜಿನ ಮೂಲಕ ಕೆಳಗೆ ನೋಡಿದರೆ ಹಿಂದೆ ಬಿಳಿಯ ಮರಳೂ ಹಸುರು ಪಟ್ಟಿಗಳೂ ಕಾಣುತ್ತಿದ್ದ ಎಡೆಗಳಲ್ಲಿ ಕಂದುಹಸುರಿನ, ಕೂದಲಿನಂತೆ ಸಿಕ್ಕುಗಟ್ಟಿದ ಪಾಚಿಯ ಹಾಸು ಹರಡಿರುವುದು ಕಾಣಿಸುತ್ತದೆ. ಇವುಗಳಲ್ಲಿ ಲಿಂಗ್‌ಬಿಯಾ ಎಂಬ ಜಾತಿ ಈಜುವವರ ಚರ್ಮದಲ್ಲಿ ತುರಿಕೆಯನ್ನೂ ದದ್ದನ್ನೂ ಉಂಟುಮಾಡಬಲ್ಲದು. ಹಾಸಿನ ಕೆಳಗೆ ಸಿಕ್ಕ ಎಲೆಗೆ ಬೆಳಕಿಲ್ಲ. ಬೆಳಕಿಲ್ಲದ ಎಲೆ ಕೊಳೆಯುತ್ತದೆ. ಕೊಳೆಯುವಿಕೆ ನೀರಿನ ಆಮ್ಲಜನಕವನ್ನು ಕಬಳಿಸುತ್ತದೆ. ಆಮ್ಲಜನಕ ಕುಂದಿದಲ್ಲಿ ಬಸವನಹುಳು ನಿಲ್ಲಲಾರದು, ಬಸವನಹುಳುವಿಲ್ಲದಲ್ಲಿ ಪಾಚಿಯನ್ನು ಹತೋಟಿಯಲ್ಲಿಡುವವರಿಲ್ಲ.

ಇನ್ನು ನೈಟ್ರೇಟ್ ಮಾತ್ರವೇ ಹೀಗೆ ನೆಲವನ್ನು ತೂರಿಕೊಂಡು ಹೋಗುವುದೇಕೆಂಬ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ನೋಡುವುದು ಅವಶ್ಯ. ಏಕೆಂದರೆ ಇಡೀ ಪ್ರಕರಣದ ಬೀಜ ಅಲ್ಲಿದೆ. ಜೇಡಿಮಣ್ಣಿನ ಕಣಗಳ ಮೇಲೆ ಋಣವಿದ್ಯುದಂಶವಿರುವುದು. ಯೂರಿಯಾ ಆಗಲಿ ಸಗಣಿಯಾಗಲಿ ಮೂತ್ರವಾಗಲಿ ಮಣ್ಣನ್ನು ಸೇರಿದಾಗ ಅದರಲ್ಲಿನ ಸಾರಜನಕವು ಮೊದಲು ಅಮೋನಿಯಂ ಆಗಿ ಮಾರ್ಪಡುವುದು. ಅದು ಧನಾಂಶವುಳ್ಳದ್ದಾದುದರಿಂದ ಮಣ್ಣಿನ ಕಣಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಆದರೆ ಮಣ್ಣಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಕೆಲವೇ ವಾರಗಳಲ್ಲಿ ಅಮೋನಿಯಮನ್ನು ನೈಟ್ರೇಟಾಗಿ ಪರಿವರ್ತಿಸಿಬಿಡುತ್ತವೆ, ನೈಟ್ರೇಟ್ ಋಣಾಂಶವುಳ್ಳದ್ದು, ಋಣವು ಋಣವನ್ನು ಹಿಡಿದಿಡಲಾರದು. ಆಗ ಬೇರುಗಳು ಅದನ್ನು ಹೀರಿಕೊಂಡರೆ ಸರಿ. ಇಲ್ಲವಾದರೆ ಮುಂದಿನ ಮಳೆಗೆ, ಅಥವಾ ಮಿತಿಮೀರಿ ಹಾಯಿಸಿದ ನೀರಿಗೆ, ಮದುವೆಮನೆಯಲ್ಲಿ ಯಾರೂ ಮಾತಾಡಿಸದ ನೆಂಟನಂತೆ ಅದು ಸದ್ದಿಲ್ಲದೆ ಹೊರಟುಹೋಗುತ್ತದೆ. ಸಸ್ಯಗಳ ಮತ್ತೊಂದು ಮುಖ್ಯ ಆಹಾರವಾದ ರಂಜಕದ ಸ್ವಭಾವ ಇದಕ್ಕೆ ವಿರುದ್ಧ. ಮಣ್ಣಿನ ಕಬ್ಬಿಣ, ಅಲ್ಯುಮಿನಿಯಂ, ಸುಣ್ಣಗಳು ಅದನ್ನು ಬಿಗಿಯಾಗಿ ಹಿಡಿಯುವುದರಿಂದ ಅದು ಸಾಮಾನ್ಯವಾಗಿ ಕೊಚ್ಚಿಹೋಗುವ ಮೇಲ್ಮಣ್ಣಿನೊಡನೆಯೂ ಚರಂಡಿಯ ನೀರಿನೊಡನೆಯೂ ಕೆರೆಯನ್ನು ಸೇರುತ್ತದೆಯೇ ಹೊರತು ನೆಲದೊಳಗಿನ ದಾರಿಯಲ್ಲಿ ಹೆಚ್ಚಾಗಿ ಸಂಚರಿಸುವುದಿಲ್ಲ.

ನೆಲದೊಳಗೆ ಇಳಿದ ನೈಟ್ರೇಟಿಗೆ ಒಂದೇ ಒಂದು ಸದ್ಗತಿಯುಂಟು. ಆಮ್ಲಜನಕವಿಲ್ಲದ, ಕೊಳೆಯತಕ್ಕ ಸಾವಯವ ಪದಾರ್ಥವಿರುವ ಎಡೆಯಲ್ಲಿ ಮತ್ತೊಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ಒಡೆದು, ನಾವು ಉಸಿರಾಡುವ ಗಾಳಿಯ ಐದರಲ್ಲಿ ನಾಲ್ಕು ಪಾಲಿನಷ್ಟಿರುವ ಸಾಮಾನ್ಯ ಸಾರಜನಕವನ್ನಾಗಿ ಮಾಡಿ ಆಕಾಶಕ್ಕೆ ಬಿಡುತ್ತವೆ. ಜವುಗು ನೆಲಗಳೂ ಗದ್ದೆಯ ಕೆಸರೂ ಕೆರೆಯಂಗಳದ ಗೋಡುಮಣ್ಣೂ ಈ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿವೆ. ಆದರೆ ಫ್ಲಾರಿಡಾದ ಸುಣ್ಣಕಲ್ಲಿನ ಮೇಲೆ ತೆಳುವಾದ ಮರಳಿನ ಹೊದಿಕೆಯುಳ್ಳ ಎಡೆಗಳಲ್ಲಿ ನೀರು ಅಷ್ಟು ಹೊತ್ತು ನಿಲ್ಲುವುದಿಲ್ಲ. ಸುರಿದುದೆಲ್ಲ ಗುಹೆಯ ದಾರಿ ಹಿಡಿಯುತ್ತದೆ. ಸುರಿಯುವುದಾದರೂ ಏನು? ಒಕಾಲಾ ಸುತ್ತಿನ ಸೀಮೆ ಕುದುರೆ ಸಾಕಣೆಗೆ ಜಗದ್ವಿಖ್ಯಾತ. ಆ ಲಾಯಗಳ ಲದ್ದಿ, ಹೊಲಗಳ ಗೊಬ್ಬರ, ಬಂಗಲೆಗಳ ಮುಂದಿನ ಹುಲ್ಲುಹಾಸಿಗೆ ಎರಚುವ ಗೊಬ್ಬರ, ಚರಂಡಿವ್ಯವಸ್ಥೆಯಿಲ್ಲದ ಮನೆಗಳ ಸೆಪ್ಟಿಕ್ ಟ್ಯಾಂಕು, ಇವೆಲ್ಲದರ ಸಾರವೂ ಅದರಲ್ಲಿ ಸೇರಿದೆ. ತಿನ್ನಲು ಬಾರದ, ಮೇಯಿಸಲೂ ಬಾರದ ಹುಲ್ಲಿಗಾಗಿ ಗೊಬ್ಬರವನ್ನು ಕೊಂಡು ಸುರಿದು, ಬೆಳೆದ ಹುಲ್ಲನ್ನು ವಾರಕ್ಕೊಮ್ಮೆ ಕತ್ತರಿಸಿ ಎಸೆಯುವ ನಾಗರಿಕತೆಯ ಮರ್ಮ ನನಗೆ ಈವರೆಗೂ ತಿಳಿದಿಲ್ಲ.

ನೆಲದಡಿಯ ಈ ಸಂಬಂಧ ಊಹೆಯದಲ್ಲವೆಂಬುದಕ್ಕೆ ವಕುಲ್ಲಾ ಚಿಲುಮೆಯ ಪ್ರಕರಣ ಸಾಕ್ಷಿಯಾಗಿದೆ. ಫ್ಲಾರಿಡಾದ ರಾಜಧಾನಿ ಟ್ಯಾಲಹಸ್ಸಿಯ ದಕ್ಷಿಣದಲ್ಲಿರುವ ಈ ಚಿಲುಮೆಯೂ ಸಿಲ್ವರ್ ಸ್ಪ್ರಿಂಗ್ಸ್‌ನಷ್ಟೇ ಹೆಸರಾದುದು. ರಾಜಧಾನಿಯ ಕೊಳಚೆನೀರನ್ನು ಸಂಸ್ಕರಿಸಿ, ನಗರದ ಹೊರವಲಯದ ವಿಸ್ತಾರವಾದ ಹೊಲಗಳ ಮೇಲೆ ಸಿಂಪಡಿಸಿ, ಅದರಿಂದ ಮೇವನ್ನು ಬೆಳೆಯುವ ಪದ್ಧತಿ ಅಲ್ಲಿ ದಶಕಗಳಿಂದ ನಡೆದುಬಂದಿತ್ತು. ತ್ಯಾಜ್ಯವನ್ನು ಗೊಬ್ಬರವಾಗಿ ಬಳಸಿಕೊಂಡ ಮಾದರಿ ವ್ಯವಸ್ಥೆಯೆಂದು ಅದನ್ನು ಹೊಗಳಿದವರೂ ಇದ್ದರು. 2006ರಲ್ಲಿ ವಿಜ್ಞಾನಿಗಳು ಆ ಹೊಲಗಳ ಬಳಿಯಲ್ಲಿ ನೆಲದೊಳಗೆ ನಿರಪಾಯಕರವಾದ ಬಣ್ಣವನ್ನು ಇಳಿಸಿ ಕಾದರು. ವಾರಗಳ ಲೆಕ್ಕದಲ್ಲಿ, ಅನೇಕ ಕಿಲೋಮೀಟರ್ ದೂರದ ವಕುಲ್ಲಾ ಚಿಲುಮೆಯ ನೀರಿನಲ್ಲಿ ಬಣ್ಣ ಪತ್ತೆಯಾಯಿತು. ಅದರ ತರುವಾಯ ನಗರವು ಇಪ್ಪತ್ತು ಕೋಟಿ ಡಾಲರಿಗೂ ಮಿಕ್ಕ ಹಣವನ್ನು ವೆಚ್ಚಮಾಡಿ, ಸಾರಜನಕವನ್ನೂ ತೆಗೆಯಬಲ್ಲ ಮೇಲಣ ಹಂತದ ಸಂಸ್ಕರಣೆಯನ್ನು ಅಳವಡಿಸಿಕೊಂಡಿತು. ಚಿಲುಮೆಯ ನೈಟ್ರೇಟ್ ಅದರ ಗರಿಷ್ಠ ಮಟ್ಟದ ಅರ್ಧದಷ್ಟಕ್ಕೆ ಇಳಿಯಿತು. ಹಣವೂ ಮನಸ್ಸೂ ಇದ್ದಲ್ಲಿ ಕಾರ್ಯ ಸಾಧ್ಯವೆಂಬುದಕ್ಕೆ ಇದು ನಿದರ್ಶನ. ಆದರೆ ವಕುಲ್ಲಾದಲ್ಲಿ ದಾರಿ ಗುಹೆಯದಾದ್ದರಿಂದ ಫಲ ಬೇಗ ಕಂಡಿತು. ಇತರ ದೊಡ್ಡ ಚಿಲುಮೆಗಳಲ್ಲಿ ಉಕ್ಕುವ ನೀರಿನ ಸರಾಸರಿ ವಯಸ್ಸನ್ನು ಎಣಿಸಿದರೆ ಅದು ಹತ್ತಾರು ವರ್ಷಗಳಷ್ಟಾಗುತ್ತದೆ. ತಂದೆ ಸುರಿದ ಗೊಬ್ಬರವನ್ನು ಮಗನ ಕಾಲದಲ್ಲಿ ಚಿಲುಮೆ ಹೊರಗೆಡಹುತ್ತಿದೆ, ಇಂದು ಸುರಿಯುವುದನ್ನು ಪೂರ್ತಿಯಾಗಿ ನಿಲ್ಲಿಸಿದರೂ ನೆಲದೊಳಗೆ ದಾರಿಯಲ್ಲಿರುವುದು ಬಂದೇ ತೀರಬೇಕು.

ವಕುಲ್ಲಾದ ಕಥೆಯಲ್ಲಿ ನಮಗೆ ಸಂಬಂಧಿಸಿದ ಒಂದು ವಿಚಿತ್ರ ಸಂಗತಿಯೂ ಇದೆ. 1997ರಲ್ಲಿ ಅಲ್ಲಿ ಹೈಡ್ರಿಲ್ಲಾ ಎಂಬ ಜಲಕಳೆ ಕಾಣಿಸಿಕೊಂಡು, ನೈಟ್ರೇಟಿನ ಔತಣವನ್ನುಂಡು, ಕೆಲವೇ ವರ್ಷಗಳಲ್ಲಿ ಚಿಲುಮೆಯ ಕೊಳವನ್ನು ವ್ಯಾಪಿಸಿತು. ಹೈಡ್ರಿಲ್ಲಾ ನಮ್ಮ ಕೆರೆಕಟ್ಟೆಗಳ ಹಳೆಯ ಗಿಡ. ಪ್ರಯೋಗಶಾಲೆಯಲ್ಲಿ ಬೆಳಕಿಗೆ ಒಡ್ಡಿದಾಗ ಆಮ್ಲಜನಕದ ಗುಳ್ಳೆಗಳನ್ನು ಬಿಡುತ್ತದೆಂದು ಶಾಲೆಯ ಹುಡುಗರೆಲ್ಲರೂ ಅದನ್ನು ಬಲ್ಲರು. ಅಕ್ವೇರಿಯಂ ವ್ಯಾಪಾರಿಗಳ ಮೂಲಕ 1950ರ ದಶಕದಲ್ಲಿ ಫ್ಲಾರಿಡಾವನ್ನು ಸೇರಿದ ಈ ಕಳೆಯ ಆನುವಂಶಿಕ ಗುಣಗಳನ್ನು ಲೋಕದ ಬೇರೆಬೇರೆ ದೇಶಗಳ ಮಾದರಿಗಳೊಡನೆ ಹೋಲಿಸಿ ನೋಡಿದವರಿಗೆ ಅದು ಬೆಂಗಳೂರಿನಿಂದ ತಂದ ಮಾದರಿಗೆ ಅತಿ ಸಮೀಪವೆಂದು ಕಂಡುಬಂದಿತು. ನಮ್ಮಲ್ಲಿ ಮರ್ಯಾದೆಯಿಂದ ಬಾಳುವ ಗಿಡ ಅಲ್ಲಿ ದಾಳಿಕೋರನಾದುದಕ್ಕೆ ಅದರ ಹೊಸತನವೂ ನೀರಿನ ಸಂಪತ್ತೂ ಕೂಡಿಯೇ ಕಾರಣವಾಗಿರಬೇಕು. ಅದೇ ಕಾಲದಲ್ಲಿ ವಕುಲ್ಲಾದಿಂದ ದೊಡ್ಡ ಬಸವನಹುಳುಗಳೂ, ಅವುಗಳನ್ನೇ ತಿಂದು ಬದುಕುವ ಲಿಂಪ್‌ಕಿನ್ ಎಂಬ ನೀರುಹಕ್ಕಿಯೂ ಕಣ್ಮರೆಯಾದವು.

ಇಷ್ಟನ್ನು ಹೇಳಿ, ಎಲ್ಲಕ್ಕೂ ನೈಟ್ರೇಟೊಂದೇ ಕಾರಣವೆಂದು ತೀರ್ಪು ಕೊಟ್ಟುಬಿಡುವುದು ನ್ಯಾಯವಾಗದು. ಬಹಳ ನೈಟ್ರೇಟಿದ್ದೂ ಪಾಚಿ ಕಡಿಮೆಯಿರುವ ಚಿಲುಮೆಗಳುಂಟು, ಕಡಿಮೆ ನೈಟ್ರೇಟಿದ್ದೂ ಪಾಚಿ ತುಂಬಿರುವವೂ ಉಂಟು. ಆಮ್ಲಜನಕ ಕುಂದಿ ಮೇಯುವ ಜೀವಿಗಳು ಅಳಿದುದೇ ಪಾಚಿಯ ಪ್ರಾಬಲ್ಯಕ್ಕೆ ಹೆಚ್ಚು ಸಮೀಪದ ಕಾರಣವಿರಬಹುದೆಂದು 2010ರ ಸುಮಾರಿನಿಂದ ಕೆಲವು ವಿಜ್ಞಾನಿಗಳು ವಾದಿಸುತ್ತ ಬಂದಿದ್ದಾರೆ. ಅಂತರ್ಜಲವನ್ನು ಮಿತಿಮೀರಿ ಎತ್ತಿದುದರಿಂದ ಚಿಲುಮೆಗಳ ಹರಿವು ತಗ್ಗಿ, ಪಾಚಿಯನ್ನು ಕೊಚ್ಚಿಕೊಂಡು ಹೋಗುವ ರಭಸ ಇಲ್ಲವಾದುದೂ ಸುಳ್ಳಲ್ಲ. ಸಿಲ್ವರ್ ಸ್ಪ್ರಿಂಗ್ಸ್‌ನ ನೀರು ಹೋಗಿ ಸೇರುವ ಓಕ್ಲವಾಹ ನದಿಗೆ 1968ರಲ್ಲಿ ಕಟ್ಟಿದ ಅಣೆಕಟ್ಟು ಸಮುದ್ರದಿಂದ ಮೇಲಕ್ಕೆ ಬರುತ್ತಿದ್ದ ಮೀನುಗಳ ದಾರಿಯನ್ನು ತಡೆದು, ಓಡಂ ಕಂಡಿದ್ದ ಜೀವಸಮುದಾಯವನ್ನೇ ಬದಲಿಸಿತು. ರೋಗಕ್ಕೆ ಹಲವು ಕಾರಣಗಳಿವೆಯೆಂಬ ಮಾತ್ರಕ್ಕೆ ಅವುಗಳಲ್ಲಿ ಒಂದನ್ನು ನಿರ್ದೋಷಿಯೆಂದು ಬಿಟ್ಟುಬಿಡಬೇಕೆಂದೇನೂ ಇಲ್ಲ; ಗೊಬ್ಬರ ಮಾರುವವರ ಪರವಾಗಿ ವಾದಿಸುವವರು ಈ ವೈಜ್ಞಾನಿಕ ಸಂದೇಹವನ್ನು ತಮಗೆ ಬೇಕಾದಂತೆ ಬಳಸಿಕೊಳ್ಳಬಲ್ಲರೆಂಬುದನ್ನು ಮಾತ್ರ ನೆನಪಿನಲ್ಲಿಡತಕ್ಕದ್ದು.

ನಿಂತ ನೀರಿನ ವಿಷಯದಲ್ಲಿ ಪ್ರಧಾನ ಅಪರಾಧಿ ಬೇರೆ. ಕೆನಡಾದ ಒಂಟಾರಿಯೊ ಪ್ರಾಂತದ ಕಾಡಿನಲ್ಲಿ ಸಂಶೋಧನೆಗೆಂದೇ ಮೀಸಲಾದ ಸರೋವರಗಳಲ್ಲಿ ಒಂದನ್ನು 1973ರಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿ ನಡುವೆ ತೆರೆ ಕಟ್ಟಿ ಇಬ್ಭಾಗಮಾಡಿ, ಒಂದು ಭಾಗಕ್ಕೆ ಇಂಗಾಲವನ್ನೂ ಸಾರಜನಕವನ್ನೂ, ಮತ್ತೊಂದಕ್ಕೆ ಅವೆರಡರ ಜೊತೆಗೆ ರಂಜಕವನ್ನೂ ಹಾಕಿದನು. ರಂಜಕ ಬಿದ್ದ ಭಾಗ ಮಾತ್ರ ಪಾಚಿಯಿಂದ ಹಸುರಾಯಿತು. ಆಕಾಶದಿಂದ ತೆಗೆದ ಆ ಚಿತ್ರವೇ ಸಾಬೂನಿನ ಪುಡಿಗಳಲ್ಲಿ ರಂಜಕವನ್ನು ನಿರ್ಬಂಧಿಸುವ ವಾದಕ್ಕೆ ಬಲ ಕೊಟ್ಟಿತು. ಹರಿಯುವ ಚಿಲುಮೆಗೂ ನಿಂತ ಸರೋವರಕ್ಕೂ ಇರುವ ಈ ಭೇದವನ್ನು ಮರೆತು ಒಂದರ ಔಷಧವನ್ನು ಮತ್ತೊಂದಕ್ಕೆ ಕೊಡಲಾಗದು. ಫ್ಲಾರಿಡಾದ ನೆಲದಲ್ಲಿ ರಂಜಕ ಸಹಜವಾಗಿಯೇ ಉಂಟು. ಅಲ್ಲಿ ಕೊರತೆಯಾಗಿದ್ದುದು ಸಾರಜನಕ, ಆ ಕೊರತೆಯನ್ನೇ ಮನುಷ್ಯ ತುಂಬಿಕೊಟ್ಟನು.

ಈಗ ಅಂಕಿಗಳ ವಿಷಯ. 1945ರಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯ ಅಮೆರಿಕದ ಅಯೋವಾದಲ್ಲಿ, ಬಾವಿಯ ನೀರಿನಿಂದ ಹಾಲು ಕದಡಿ ಕುಡಿಸಿದ ಎಳೆಗೂಸುಗಳ ಮೈ ನೀಲಿಗಟ್ಟುವುದಕ್ಕೆ ನೀರಿನ ನೈಟ್ರೇಟ್ ಕಾರಣವೆಂದು ವರದಿಮಾಡಿದನು. ಶಿಶುವಿನ ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟಾಗಿ ಮಾರ್ಪಟ್ಟು, ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕುಂದಿಸುತ್ತದೆ. ಆ ಬಗೆಯ ಅನುಭವಗಳ ಆಧಾರದ ಮೇಲೆಯೇ ಕುಡಿಯುವ ನೀರಿನ ಮಿತಿ ನಿರ್ಧಾರವಾಯಿತು: ಅಮೆರಿಕದಲ್ಲಿ ಸಾರಜನಕದ ಲೆಕ್ಕದಲ್ಲಿ ಲೀಟರಿಗೆ 10 ಮಿಲಿಗ್ರಾಂ, ಭಾರತದಲ್ಲಿ ನೈಟ್ರೇಟಿನ ಲೆಕ್ಕದಲ್ಲಿ 45 ಮಿಲಿಗ್ರಾಂ, ಲೆಕ್ಕದ ರೀತಿ ಬೇರೆಯಾದರೂ ಎರಡೂ ಒಂದೇ ಪ್ರಮಾಣ. ಆದರೆ ಫ್ಲಾರಿಡಾ ಸಂಸ್ಥಾನವು ತನ್ನ ಚಿಲುಮೆಗಳ ಜೀವಸಮುದಾಯ ಕೆಡದಿರಬೇಕಾದರೆ ನೈಟ್ರೇಟ್ ಎಷ್ಟಿರಬಹುದೆಂದು ವಿಚಾರಮಾಡಿ ಗೊತ್ತುಪಡಿಸಿದ ಮಿತಿ, ಅದೇ ಸಾರಜನಕದ ಲೆಕ್ಕದಲ್ಲಿ, 0.35 ಮಿಲಿಗ್ರಾಂ. ಮಗುವಿನ ಗಂಟಲಿಗೆ ಸಲ್ಲುವ ನೀರಿಗೂ ಬಸವನಹುಳುವಿನ ಸಂಸಾರಕ್ಕೆ ಸಲ್ಲುವ ನೀರಿಗೂ ನಡುವೆ ಇಪ್ಪತ್ತೆಂಟು ಪಟ್ಟಿಗೂ ಹೆಚ್ಚಿನ ಅಂತರವಿದೆ. ಎಂದರೆ, ಪ್ರಯೋಗಶಾಲೆಯವರು ಕುಡಿಯಲು ಯೋಗ್ಯವೆಂದು ಮುದ್ರೆಯೊತ್ತಿ ಕೊಟ್ಟ ನೀರೇ ಒಂದು ಹೊಳೆಯ ಜೀವಜಾಲವನ್ನು ಸದ್ದಿಲ್ಲದೆ ಕೆಡಿಸಬಲ್ಲದು. 2016ರ ಕಾನೂನಿನಂತೆ ವಿಶೇಷ ರಕ್ಷಣೆಗೆ ಆಯ್ಕೆಯಾದ ಅಲ್ಲಿನ 30 ಚಿಲುಮೆಗಳಲ್ಲಿ 24 ಈ ಚಿಕ್ಕ ಮಿತಿಯನ್ನು ಮೀರಿದವು. ಅವುಗಳ ನೀರು ಕುಡಿಯುವ ಮಿತಿಯಿಂದ ಇನ್ನೂ ಬಹು ದೂರದಲ್ಲಿದೆ.

ಈ ದೃಷ್ಟಿಯಿಂದ ನಮ್ಮ ಸೀಮೆಯನ್ನು ನೋಡಿದರೆ ಚಿಂತೆಯಾಗುವುದು ಸಹಜ. ಕೇಂದ್ರ ಅಂತರ್ಜಲ ಮಂಡಲಿಯ 2024ರ ವರದಿಯ ಪ್ರಕಾರ ಕರ್ನಾಟಕದಲ್ಲಿ ಪರೀಕ್ಷಿಸಿದ ನೀರಿನ ಮಾದರಿಗಳಲ್ಲಿ ಶೇಕಡಾ 48ರಷ್ಟು 45 ಮಿಲಿಗ್ರಾಮಿನ ಮಿತಿಯನ್ನು ದಾಟಿದ್ದವು. ಶೇಕಡಾ 49ರ ರಾಜಸ್ಥಾನವನ್ನು ಬಿಟ್ಟರೆ ದೇಶದಲ್ಲಿ ನಮ್ಮದೇ ಮುಂದಿನ ಸ್ಥಾನ. 2017ರಲ್ಲಿ 359 ಜಿಲ್ಲೆಗಳಲ್ಲಿ ಕಂಡ ಈ ದೋಷ 2023ರ ವೇಳೆಗೆ 440 ಜಿಲ್ಲೆಗಳಿಗೆ ಹಬ್ಬಿತ್ತು. ಇದು ಮನುಷ್ಯನ ಗಂಟಲಿನ ಮಿತಿಯ ಮಾತು. ಬಸವನಹುಳುವಿನ ಅಳತೆಗೋಲನ್ನು ಇಟ್ಟು ಅಳೆದವರು ನಮ್ಮಲ್ಲಿ ವಿರಳ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು ನದಿ ಕೆರೆಗಳ ನೀರನ್ನು ಎ ಯಿಂದ ಇ ವರೆಗೆ ವರ್ಗೀಕರಿಸುವಾಗ ಮೀನು ಮತ್ತು ವನ್ಯಜೀವಿಗಳಿಗೆಂದು ಮೀಸಲಿಟ್ಟ ಡಿ ವರ್ಗದಲ್ಲಿ ಕೇಳುವುದು ಆಮ್ಲತೆ, ಕರಗಿದ ಆಮ್ಲಜನಕ, ಮುಕ್ತ ಅಮೋನಿಯ, ಇಷ್ಟನ್ನೇ. ನೈಟ್ರೇಟಾಗಲಿ ರಂಜಕವಾಗಲಿ ಆ ಮೂಲ ಮಾನದಂಡಗಳ ಪಟ್ಟಿಯಲ್ಲಿಲ್ಲ.

ನಮ್ಮ ನೆಲದ ಬಹುಭಾಗ ಸುಣ್ಣಕಲ್ಲಿನದಲ್ಲ, ಗಟ್ಟಿಯಾದ ನೈಸ್ ಬಂಡೆಯದು. ಮೇಲಿನ ಶಿಥಿಲ ಪದರದಲ್ಲಿಯೂ ಬಂಡೆಯ ಬಿರುಕುಗಳಲ್ಲಿಯೂ ನೀರು ನಿಲ್ಲುವುದು. ಗುಹೆಗಳಿಲ್ಲದುದರಿಂದ ನೀರಿನ ಓಟ ನಿಧಾನ, ಆದರೆ ಅದೇ ಕಾರಣದಿಂದ ಸೇರಿದ ಲವಣ ತೊಳೆದುಹೋಗುವುದೂ ನಿಧಾನ. ತೋಟಕ್ಕೆ ಹಾಯಿಸಿದ ಬೋರ್‌ವೆಲ್ ನೀರೇ ಗೊಬ್ಬರವನ್ನು ಕರಗಿಸಿಕೊಂಡು ಮತ್ತೆ ಅದೇ ಬೋರ್‌ವೆಲ್ಲಿಗೆ ಇಳಿದು ಸುತ್ತುವುದೂ ಉಂಟು. ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ನಡೆಸಿದ ಅಧ್ಯಯನವು ಗೊಬ್ಬರದ ಜೊತೆಗೆ ಮತ್ತೊಂದು ಮೂಲವನ್ನು ಬೆಳಕಿಗೆ ತಂದಿತು. ಪಟ್ಟಣದ ಮನೆಮನೆಯ ಕಕ್ಕಸುಗುಂಡಿಗಳಿಂದ ಇಳಿದ ಸಾರಜನಕ ಅಲ್ಲಿನ ಅಂತರ್ಜಲದ ನೈಟ್ರೇಟಿಗೆ ಕಾರಣವಾಗಿತ್ತು. ಬಯಲುಶೌಚವನ್ನು ನಿಲ್ಲಿಸಲು ಗುಂಡಿ ತೋಡುವುದು ಪುಣ್ಯಕಾರ್ಯವೇ ಸರಿ. ಆದರೆ ಗುಂಡಿಯ ಪಕ್ಕದಲ್ಲಿಯೇ ಬೋರ್‌ವೆಲ್ ಕೊರೆಯುವ ಪಟ್ಟಣದಲ್ಲಿ ಪುಣ್ಯದ ಒಂದಂಶ ನೀರಿಗೆ ಬೀಳುತ್ತದೆ.

ಅದೇ ಕೋಲಾರಕ್ಕೆ 2018ರ ಜೂನ್‌ನಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಎರಡನೆಯ ಹಂತದವರೆಗೆ ಸಂಸ್ಕರಿಸಿ ಕೆರೆ ತುಂಬಿಸಲಾಗುತ್ತಿದೆ. ಲಕ್ಷ್ಮೀಸಾಗರ ಕೆರೆಯಲ್ಲಿ ಮೊದಲು ನೀರು ಬಿದ್ದಾಗ ಬರಗಾಲದಿಂದ ಬೆಂದ ಆ ಜನ ಪಟ್ಟ ಸಂತೋಷವನ್ನು ಹೀಗಳೆಯುವುದು ಕುಳಿತು ಬರೆಯುವವನಿಗೆ ಶೋಭಿಸದು. ಕೆರೆಗಳು ತುಂಬಿದುದರಿಂದ ಬತ್ತಿದ ಬಾವಿಗಳಲ್ಲಿ ನೀರು ಮೇಲೇರಿದುದೂ ದಿಟ. ಆದರೆ ಎರಡನೆಯ ಹಂತದ ಸಂಸ್ಕರಣೆಯು ಕೊಳೆಯುವ ಪದಾರ್ಥವನ್ನು ತಗ್ಗಿಸುವಷ್ಟು ಪರಿಣಾಮಕಾರಿಯಾಗಿ ಸಾರಜನಕವನ್ನೂ ರಂಜಕವನ್ನೂ ತೆಗೆಯಲಾರದು. ಟ್ಯಾಲಹಸ್ಸಿ ನಗರವೂ ಸಂಸ್ಕರಿಸಿದ ನೀರನ್ನೇ ಹೊಲಕ್ಕೆ ಬಿಟ್ಟಿತ್ತು. ಚಿಲುಮೆ ತಪ್ಪನ್ನು ತೋರಿಸಿಕೊಡುವವರೆಗೆ ಅದಕ್ಕೆ ಮೂರನೆಯ ಹಂತದ ಅವಶ್ಯಕತೆ ಕಂಡಿರಲಿಲ್ಲ. ಕೋಲಾರದ ಕೆರೆಗೆ ನೀರು ಬರಲಿ. ಮೇಲಣ ಹಂತದ ಸಂಸ್ಕರಣೆಯಾಗಿ ಬರಲಿ, ಕೆರೆಯ ಅಂಚಿನ ಬಾವಿಗಳ ನೈಟ್ರೇಟನ್ನು ವರ್ಷವರ್ಷವೂ ಅಳೆದು ಗ್ರಾಮಪಂಚಾಯಿತಿಯ ಗೋಡೆಯ ಮೇಲೆ ಬರೆಸಲಿ.

ಹಿಂದೆ ನಮ್ಮ ಕೆರೆಗಳಿಗೆ ಸಾರಜನಕವೂ ರಂಜಕವೂ ಬರುತ್ತಿರಲಿಲ್ಲವೆಂದಲ್ಲ. ಬಂದುದು ಗೋಡಿನಲ್ಲಿ ಸೇರಿ, ಬೇಸಗೆಯಲ್ಲಿ ಕೆರೆ ಬತ್ತಿದಾಗ ರೈತನ ಗಾಡಿಯೇರಿ ಹೊಲಕ್ಕೆ ಹಿಂತಿರುಗುತ್ತಿತ್ತು. ಈಗ 45 ಕಿಲೋಗ್ರಾಮಿನ ಯೂರಿಯಾ ಚೀಲ 266 ರೂಪಾಯಿ 50 ಪೈಸೆಗೆ ಸೊಸೈಟಿಯಲ್ಲಿ ದೊರೆಯುವಾಗ, ರಂಜಕವುಳ್ಳ ಡಿಎಪಿ ಚೀಲಕ್ಕೆ 1,350 ರೂಪಾಯಿ ತೆರಬೇಕಾಗಿರುವಾಗ, ಗೋಡು ಹೊರುವ ಕೂಲಿಯನ್ನು ಯಾರು ಕೊಟ್ಟಾರು? ಅಗ್ಗವಾದುದನ್ನು ಎರಡು ಹಿಡಿ ಹೆಚ್ಚು ಎರಚುವ ರೈತನನ್ನು ಅವಿವೇಕಿಯೆನ್ನುವುದು ಸುಲಭ; ಬೆಲೆಯನ್ನು ಹಾಗೆ ಗೊತ್ತುಮಾಡಿದವರು ರೈತರಲ್ಲ.

ಆದರೆ ಆ ರೈತನಿಗೂ ತಿಳಿಯದ ಒಂದು ಲೆಕ್ಕವನ್ನು ಇಲ್ಲಿ ಹೇಳಬೇಕು. ಒಂದು ಎಕರೆ ಜಮೀನಿಗೆ ಒಂದು ಬೆಳೆಯ ಅವಧಿಯಲ್ಲಿ ಒಟ್ಟು ಅರ್ಧ ಮೀಟರ್ ಆಳದಷ್ಟು ನೀರು ಹಾಯಿಸಿದರೆಂದು ಇಟ್ಟುಕೊಳ್ಳಿ. ಅದು ಸುಮಾರು 20 ಲಕ್ಷ ಲೀಟರ್ ಆಗುತ್ತದೆ. ಆ ನೀರಿನಲ್ಲಿ ನೈಟ್ರೇಟ್ ಸರಿಯಾಗಿ 45 ಮಿಲಿಗ್ರಾಂ ಇದ್ದರೆ ಲೀಟರಿಗೆ 10 ಮಿಲಿಗ್ರಾಂ ಸಾರಜನಕ, ಒಟ್ಟು 20 ಕಿಲೋಗ್ರಾಮಿಗೂ ತುಸು ಹೆಚ್ಚು ಸಾರಜನಕ ಗದ್ದೆಗೆ ಬಿದ್ದಂತಾಯಿತು. ಯೂರಿಯಾದಲ್ಲಿ ಸಾರಜನಕ ಶೇಕಡಾ 46. ಲೆಕ್ಕ ಹಾಕಿದರೆ ಬರುವುದು ಹೆಚ್ಚುಕಡಿಮೆ ಒಂದು ಚೀಲ ಯೂರಿಯಾ. ಕರ್ನಾಟಕದಲ್ಲಿ ಪರೀಕ್ಷೆಯಾದ ಅರ್ಧದಷ್ಟು ನೀರು ಆ ಮಿತಿಯನ್ನು ಮೀರಿರುವುದರಿಂದ, ಅಂಥ ನೀರಿರುವ ಕಡೆ ಎಕರೆಗೊಂದು ಚೀಲ, ಕೆಲವೆಡೆ ಅದಕ್ಕೂ ಹೆಚ್ಚು, ಬೋರ್‌ವೆಲ್ಲಿನ ಕೊಳವೆಯಲ್ಲಿಯೇ ಪುಕ್ಕಟೆಯಾಗಿ ಬರುತ್ತಿದೆ. ರೈತ ಅದರ ಮೇಲೆ ಸೊಸೈಟಿಯ ಚೀಲವನ್ನೂ ಪೂರ್ತಿಯಾಗಿ ಸುರಿಯುತ್ತಾನೆ. ನೀರಿನಲ್ಲಿ ಬಂದುದನ್ನು ಲೆಕ್ಕಕ್ಕೆ ಹಿಡಿದು ಅಷ್ಟು ಗೊಬ್ಬರವನ್ನು ಕಡಿಮೆಮಾಡಿದರೆ, ಬೆಳೆಯೇ ಅಂತರ್ಜಲವನ್ನು ಶುದ್ಧಮಾಡುವ ಯಂತ್ರವಾಗಿ ಕೆಲಸ ಮಾಡೀತು, ಖರ್ಚೂ ಉಳಿದೀತು.

2015ರಿಂದ ಸರ್ಕಾರ ರೈತರಿಗೆ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ವಿವರವಿದೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ ಮೊದಲಾದುವೆಲ್ಲ ಮಣ್ಣಿನವೇ. ಆ ಮಣ್ಣಿಗೆ ಹಾಯಿಸುವ ನೀರಿನ ಮಾತು ಅದರಲ್ಲಿಲ್ಲ. ಕೃಷಿ ಇಲಾಖೆಯವರು ಆ ಚೀಟಿಗೆ ಹದಿಮೂರನೆಯದೊಂದು ಸಾಲನ್ನು ಸೇರಿಸಿ, ರೈತನ ಬಾವಿಯ ನೀರಿನ ನೈಟ್ರೇಟ್ ಎಷ್ಟೆಂಬುದನ್ನೂ, ಅದಕ್ಕೆ ಪ್ರತಿಯಾಗಿ ಎಷ್ಟು ಯೂರಿಯಾವನ್ನು ಬಿಡಬಹುದೆಂಬುದನ್ನೂ ಬರೆದುಕೊಡುವಂತಾಗಬೇಕು. ಮುಂದಿನ ಸಲ ಮಣ್ಣಿನ ಮಾದರಿಯನ್ನು ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯುವ ಓದುಗರು ಒಂದು ಬಾಟಲಿ ಬೋರ್‌ವೆಲ್ ನೀರನ್ನೂ ಜೊತೆಗೆ ಒಯ್ದು, ಇದನ್ನೂ ಪರೀಕ್ಷಿಸಿಕೊಡಿ ಎಂದು ಕೇಳಲಿ.